ಒಣಮೀನಿನ ವಾಸನೆಯ ಪುಸ್ತಕಗಳೊಡನೆ ಘಾಟಿ ಹತ್ತಿದ್ದು

ಮಂಗಳೂರು

ನಮ್ಮ ಬೀದಿಯಲ್ಲಿ ಪರದೇಶಕ್ಕೆ ಹೋಗಿ ಬಂದವರು ಮೂವರಿದ್ದಾರೆ. ಒಬ್ಬರು ರಂಗೂನಿಗೆ, ಒಬ್ಬರು ಕೊಲಂಬೊಗೆ, ಇನ್ನೊಬ್ಬರು ಬಸ್ರಾಕ್ಕೆ. ಮೂವರೂ ಕಾಫಿ ಕುಡಿಯುವಾಗ ಕಿರುಬೆರಳನ್ನು ಬೇರೆಯೇ ಎತ್ತಿ ಹಿಡಿಯುತ್ತಾರೆ, ಅದು ಅಲ್ಲಿಂದ ತಂದ ಸಾಮಾನು ಎನ್ನುವ ಹಾಗೆ. ಮೂವರ ದನಿಯನ್ನೂ ಅಣಕಿಸಲು ನನಗೆ ಬರುತ್ತದೆ. ಅದಕ್ಕೇ ಮೂವರೂ ನನ್ನನ್ನು ಜಗಲಿ ಹತ್ತಿಸುವುದಿಲ್ಲ.

ಈಗ ನಾನೂ ಪರದೇಶಕ್ಕೆ ಹೋಗಿ ಬಂದೆ. ಯಾವ ದೇಶ ಎಂದರೆ, ಮೈಸೂರು ದೇಶ. ನಗಬೇಡಿ. ನಮ್ಮದು ಇಂಗ್ಲಿಷರ ಮದರಾಸು ಪ್ರಾಂತ, ಘಾಟಿಯ ಮೇಲಿರುವುದು ಮಹಾರಾಜರ ಸಂಸ್ಥಾನ. ನಮ್ಮಲ್ಲಿ ಪಾಠ ಹೇಳುವವರು ಮಾಸ್ಟ್ರು, ಅಲ್ಲಿ ಮೇಷ್ಟ್ರು. ನಮ್ಮಲ್ಲಿ ಉಂಟು, ಅಲ್ಲಿ ಇದೆ. ದೊರೆ ಬೇರೆ, ಮಾತು ಬೇರೆ, ಊಟ ಬೇರೆ. ಪರದೇಶವಾಗಲು ಇನ್ನು ಕಡಿಮೆಯಾದದ್ದು ಸಮುದ್ರ ಒಂದೇ. ಅದರ ಒಂದು ಭಾಗವನ್ನು ನಾನೇ ಹೊತ್ತುಕೊಂಡು ಹೋದೆ ಎನ್ನುವುದು ಮುಂದೆ ತಿಳಿಯುತ್ತದೆ.

ನನ್ನನ್ನು ಹೊರಡಿಸಿದವಳು ಅಕ್ಕ. ಅವಳ ಗಂಡ, ಅಂದರೆ ನನ್ನ ಭಾವ, ಮೂಡಿಗೆರೆ ತಾಲೂಕಿನ ಜಾವಳಿಯ ಹತ್ತಿರ ಒಂದು ಕಾಫಿ ಎಸ್ಟೇಟಿನ ಶಾಲೆಗೆ ಮೇಷ್ಟ್ರು. ದೀಪಾವಳಿಗೆ ತವರಿಗೆ ಬಂದವಳು ಅಪ್ಪನ ಬಟ್ಟೆ ಅಂಗಡಿಗೇ ಬಂದು ನನ್ನ ಮುಂದೆ ಕುಳಿತಳು.

"ಶಾಲೆ ಎಂದರೆ ತಗಡಿನ ಶೆಡ್ಡು ಮಾರಾಯ. ಮಕ್ಕಳೆಲ್ಲ ಲೈನಿನವರು" ಎಂದಳು. ಲೈನೆಂದರೆ ಕೂಲಿಯವರಿಗೆ ಕಟ್ಟಿಸಿಕೊಟ್ಟ ಸಾಲು ಕೋಣೆಗಳು. "ಇಡೀ ತರಗತಿಗೆ ಒಂದೇ ಪುಸ್ತಕ. ಅದರ ಕೊನೆಯ ಅರ್ಧ ಮೇಕೆ ತಿಂದಿದೆ. ಪ್ರಾಣಿಗಳ ಪಾಠ ಮುಗಿದು ಹಣ್ಣುಗಳ ಪಾಠ ಶುರುವಾಗುವಲ್ಲಿ ಆ ಮಕ್ಕಳ ವಿದ್ಯೆ ನಿಂತು ಹೋಗಿದೆ. ನೀನು ಊರವರನ್ನೆಲ್ಲ ಅಣಕಿಸಿಕೊಂಡು ತಿರುಗುವುದು ಹೇಗೂ ಉಂಟಲ್ಲ. ಹಾಗೆಯೇ ಮನೆಮನೆಗೆ ಹೋಗಿ ಹಳೆಯ ಪುಸ್ತಕ ಕೇಳು. ಒಂದು ಕಪಾಟು ತುಂಬಿದರೆ ನನ್ನ ತಮ್ಮ ಉಪಕಾರಕ್ಕೆ ಬಂದ ಎಂದು ಹೇಳಿಕೊಳ್ಳುತ್ತೇನೆ."

ಕೇಳಿದೆ. ನಮ್ಮ ಊರಿನವರು ಧಾರಾಳಿಗಳು. ತಮಗೆ ಬೇಡದ್ದನ್ನು ಕೊಡಲು ಒಬ್ಬರೂ ಹಿಂದೆಮುಂದೆ ನೋಡಲಿಲ್ಲ. ವಕೀಲರು ಜಮೀನು ವ್ಯಾಜ್ಯದ ದಪ್ಪ ಪುಸ್ತಕಗಳನ್ನು ಕೊಟ್ಟು, "ಬಡಮಕ್ಕಳಿಗೆ ಚಿಕ್ಕಂದಿನಿಂದಲೇ ಕಾನೂನಿನ ಹೆದರಿಕೆ ಇರಬೇಕು" ಎಂದರು. ಪಂಡಿತರು ಹಿಂದಿನ ವರ್ಷಗಳ ಪಂಚಾಂಗ ಕೊಟ್ಟರು. ಕಳೆದುಹೋದ ಗ್ರಹಣಗಳನ್ನು ಆ ಮಕ್ಕಳು ಇನ್ನೊಮ್ಮೆ ನೋಡಲಿ ಎಂದಿರಬೇಕು. ಬೀಜದಂಗಡಿಯವರು ತರಕಾರಿ ಬೀಜದ ಕ್ಯಾಟಲಾಗು ಕೊಟ್ಟರು. ದೊಡ್ಡ ಸಾಹುಕಾರರೊಬ್ಬರು ಧರ್ಮದ ಪುಸ್ತಕ ಕೊಟ್ಟು ಪುಟಪುಟಕ್ಕೂ ತಮ್ಮ ಹೆಸರಿನ ಮುದ್ರೆ ಒತ್ತಿಸಿದ್ದರು. ದೇವರ ಹೆಸರು ಅದರ ಅಡಿಯಲ್ಲಿ ಎಲ್ಲೋ ಇತ್ತು.

ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ಮಾತ್ರ ಒಂದು ಕಟ್ಟು ತೆಳ್ಳನೆಯ ಕಥೆಪುಸ್ತಕಗಳನ್ನು ತಾವೇ ಹೊಲಿದು, ರಟ್ಟು ಹಾಕಿ ತಂದುಕೊಟ್ಟರು. ಏನೂ ಹೇಳಲಿಲ್ಲ. ಏನೂ ಹೇಳದವರನ್ನು ಅಣಕಿಸುವುದು ಹೇಗೆಂದು ನಾನು ಇನ್ನೂ ಕಲಿತಿಲ್ಲ.

ಚಾರ್ಮಾಡಿ ಘಾಟಿ

ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಆ ಹೊಗೆಯಿಂದ ಬಸ್ಸು ಓಡುತ್ತದೆ ಎಂದು ಸರಕಾರ ನಂಬಿದೆ, ಬಸ್ಸು ನಂಬಿಲ್ಲ. ಬೆಳ್ತಂಗಡಿ ದಾಟುವವರೆಗೆ ಅದು ನಮ್ಮನ್ನು ಎಳೆಯಿತು. ಘಾಟಿಯ ಬುಡದಿಂದ ನಾವು ಅದನ್ನು ತಳ್ಳಿದೆವು.

ಡ್ರೈವರು ಅಬ್ಬಾಸ್, ಮಂಗಳೂರಿನ ಬಂದರಿನ ಕಡೆಯವನು. ಒಬ್ಬನೇ ಒಳಗೆ ಕುಳಿತು ಸ್ಟಿಯರಿಂಗು ಹಿಡಿದಿದ್ದ, ಉಳಿದ ನಾವು ಹಿಂದೆ. ಮೂರನೆಯ ತಿರುವಿನಲ್ಲಿ ನಾನು ಉಸಿರು ಬಿಡುತ್ತ ಕಿಟಕಿಯ ಬಳಿ ಹೋಗಿ, "ನಮ್ಮಲ್ಲಿ ಹಾಗಲ್ಲ ಮಾರಾಯ್ರೆ. ನಮ್ಮ ಊರಿನ ಬಸ್ಸಿನಲ್ಲಿ ದುಡ್ಡು ಕೊಟ್ಟವರು ಕೂತುಕೊಳ್ತಾರೆ" ಎಂದೆ.

ಅಬ್ಬಾಸ್ ಬೀಡಿ ತೆಗೆದು ನಕ್ಕ. "ಇದು ನಿಮ್ಮ ಊರಿನ ಬಸ್ಸೇ ಮಾರಾಯ್ರೆ. ಅಷ್ಟು ಚಂದ ಉಂಟಾದರೆ ಅಲ್ಲೇ ಕೂತುಕೊಳ್ಳಬಹುದಿತ್ತಲ್ಲ? ಈಗ ತಳ್ಳಿ."

ತಳ್ಳಿದೆ. ಆದರೆ ಸೇಡು ತೀರಿಸಿಕೊಳ್ಳದೆ ಬಿಡುವ ಜಾತಿ ನನ್ನದಲ್ಲ. ಜೊತೆಗೆ ತಳ್ಳುತ್ತಿದ್ದವರಿಗೆ ಅಬ್ಬಾಸನ ದನಿಯಲ್ಲೇ "ಈಗ ತಳ್ಳಿ, ಈಗ ತಳ್ಳಿ" ಎಂದು ತಾಳ ಕೊಟ್ಟೆ. ಅವರು ನಕ್ಕು ಕೈ ಸಡಿಲ ಬಿಟ್ಟರು. ಬಸ್ಸು ಒಂದು ಮಾರು ಹಿಂದಕ್ಕೆ ಜಾರಿ ಕಲ್ಲಿಗೆ ಬಡಿದು ನಿಂತಿತು. ಮೇಲೆ ಏನೋ ದಡಾರನೆ ಬಿದ್ದ ಸದ್ದು. ಬಿಸಿಯಾದ ಎಂಜಿನಿಗೆ ಹೊಯ್ಯಲೆಂದು ಬಸ್ಸಿನ ತಲೆಯ ಮೇಲೆ ನೀರಿನ ಡಬ್ಬಗಳನ್ನು ಇಟ್ಟಿರುತ್ತಾರೆ. ಅವುಗಳಲ್ಲಿ ಎರಡು ಮಗುಚಿದ್ದವು. ಡಬ್ಬಗಳ ಪಕ್ಕದಲ್ಲಿ ಕೊಟ್ಟಿಗೆಹಾರದ ಸಂತೆಗೆ ಹೊರಟಿದ್ದ ಒಣಮೀನಿನ ಬುಟ್ಟಿಗಳು. ಬುಟ್ಟಿಗಳ ಕೆಳಗೆ ನನ್ನ ಪೆಟ್ಟಿಗೆ.

ನೀರು ಮೀನನ್ನು ತೊಳೆದು, ಉಪ್ಪನ್ನು ಕರಗಿಸಿಕೊಂಡು, ಪೆಟ್ಟಿಗೆಯ ಸಂದಿನಲ್ಲಿ ಇಳಿಯಿತು. ಕೀಲಿ ತೆಗೆದು ನೋಡಿದೆ. ಕಾನೂನು, ಧರ್ಮ, ಪಂಚಾಂಗ, ಕಥೆ ಎಲ್ಲ ಒಂದೇ ಸಾರಿನಲ್ಲಿ ಬೇಯುತ್ತಿದ್ದವು.

ಗಡಿಯ ಗೇಟಿನಲ್ಲಿ ಮಹಾರಾಜರ ಕಡೆಯ ದಫೇದಾರರೊಬ್ಬರು, "ಪೆಟ್ಟಿಗೇಲಿ ಏನ್ರೀ?" ಎಂದರು.

"ಪುಸ್ತಕ."

ಅವರು ಮೂಗನ್ನು ಮುಂದೆ ತಂದರು, ತಕ್ಷಣ ಹಿಂದೆ ತೆಗೆದರು. "ನಲವತ್ತು ವರ್ಷದ ಮೂಗು ಕಣ್ರೀ ಇದು. ಬಂಗಡೆ ಮೀನಿಗೆ ಪುಸ್ತಕ ಅಂತಾರಾ ನಿಮ್ ಕಡೆ?"

ತೆಗೆದು ತೋರಿಸಿದೆ. ಸಾಹುಕಾರರ ಮುದ್ರೆಯ ಮೇಲೆ ಮೀನಿನ ಒಂದು ಚಿಪ್ಪು ಅಂಟಿಕೊಂಡು ಹೊಳೆಯುತ್ತಿತ್ತು. ದಫೇದಾರರು ಕೈಮುಗಿದು ಗೇಟು ಎತ್ತಿದರು.

ಎಸ್ಟೇಟಿನ ಕಣ

ಕೊಟ್ಟಿಗೆಹಾರದಲ್ಲಿ ಭಾವ ಎತ್ತಿನ ಗಾಡಿ ತಂದು ಕಾದಿದ್ದರು. ಭಾವ ಕೆಮ್ಮಿ ಮಾತಾಡುವ ಮನುಷ್ಯ. ಸಂತೋಷಕ್ಕೆ ಒಂದು ಕೆಮ್ಮು, ದುಃಖಕ್ಕೆ ಎರಡು. ಪೆಟ್ಟಿಗೆ ಗಾಡಿಗೆ ಏರಿದಾಗ ಮೂರು ಕೆಮ್ಮಿದರು. ಮೂರನೆಯದು ವಾಸನೆಗೆ.

ದಾರಿಯಲ್ಲಿ ಸಂಗತಿ ಹೇಳಿದರು. ಈ ಸಲ ಫಸಲು ಹೆಚ್ಚು, ಚೀಲ ಇಡಲು ಜಾಗ ಸಾಲುತ್ತಿಲ್ಲ. ಎಸ್ಟೇಟಿನ ಯಜಮಾನರಾದ ಗೌಡ್ರ ಕಣ್ಣು ಶಾಲೆಯ ಶೆಡ್ಡಿನ ಮೇಲೆ ಬಿದ್ದಿದೆ. ಭಾವ ಬೇಡಿಕೊಂಡ ಮೇಲೆ ಗೌಡ್ರು ಒಂದು ಮಾತು ಕೊಟ್ಟಿದ್ದಾರೆ. ಬರುವ ಸೋಮವಾರ ತಾವೇ ಬಂದು ಕೂರುತ್ತಾರೆ. ಬಂದ ಪುಸ್ತಕದಿಂದ ಮಕ್ಕಳು ಓದಿ ತೋರಿಸಬೇಕು. ಓದಿದರೆ ಶೆಡ್ಡು ಶಾಲೆಗೆ, ಪುಸ್ತಕಗಳೂ ಅಲ್ಲಿಯೇ ಇರಬಹುದು. ಓದದಿದ್ದರೆ ಶೆಡ್ಡು ಚೀಲಕ್ಕೆ, ಮಕ್ಕಳು ಕಾಫಿ ಹಣ್ಣು ಕುಯ್ಯಲಿಕ್ಕೆ.

"ಮಕ್ಕಳು ಓದುತ್ತಾರಲ್ಲ ಭಾವ?"

ಎರಡು ಕೆಮ್ಮು.

ಅಕ್ಕ ಪೆಟ್ಟಿಗೆಯನ್ನು ಹೊಸಿಲು ದಾಟಿಸಲಿಲ್ಲ. "ಪುಸ್ತಕ ತಾ ಎಂದರೆ ಬಂದರನ್ನೇ ತಂದೆಯಲ್ಲ!" ಎಂದು ಹೊರಗಿನಿಂದ ಹೊರಗೇ ಕಣಕ್ಕೆ ಕಳಿಸಿದಳು. ಕಣ ಎಂದರೆ ಕಾಫಿ ಒಣಗಿಸುವ ಅಂಗಳ. ಅಲ್ಲಿ ರೈಟರ್ ಶಾಮಣ್ಣನವರ ರಾಜ್ಯಭಾರ. ಎಸ್ಟೇಟಿನ ಲೆಕ್ಕ ಬರೆಯುವವರಿಗೆ ಇಲ್ಲಿ ರೈಟರ್ ಎನ್ನುತ್ತಾರೆ. ಗೌಡ್ರು ಏನು ಹೇಳಿದರೂ ಶಾಮಣ್ಣನವರ ಉತ್ತರ ಒಂದೇ: "ಆಗ್ಲಿ ಗೌಡ್ರೆ, ಆಗೇ ಹೋಯ್ತು ಗೌಡ್ರೆ." ಮಾತು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ತೀರಿಕೊಳ್ಳುತ್ತದೆ.

ಪುಸ್ತಕ ಒಣಗಿಸುವುದು ಅವರಿಗೆ ಒಂದು ವಿಷಯವೇ ಅಲ್ಲ. ಕಾಫಿ ಬೀಜದ ಪಕ್ಕದಲ್ಲಿ ಪುಸ್ತಕಗಳನ್ನು ಹರಡಿಸಿದರು. ಬೀಜ ತಿರುವುವ ಹೆಂಗಸರು ಬೀಜ ತಿರುವಿದಂತೆಯೇ ಪುಸ್ತಕವನ್ನೂ ತಿರುವಿದರು. ಸಂಜೆ ಇಬ್ಬನಿ ಬೀಳುವ ಮೊದಲು ಗೋಣಿ ಹೊದಿಸಿದರು. ಬೆಕ್ಕುಗಳು ಸುತ್ತಲೂ ಕುಳಿತು ಕಾವಲು ಕಾದವು. "ನಮ್ಮಲ್ಲಿ ಹಾಗಲ್ಲ, ಪುಸ್ತಕವನ್ನು ನೆರಳಲ್ಲಿ ಒಣಗಿಸ್ತಾರೆ" ಎಂದೆ. ಶಾಮಣ್ಣನವರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ.

ಒಣಗಿದ ಮೇಲೆ ನಾನು ಮಲಗಿದ್ದ ಹೊತ್ತು ನೋಡಿ ಅವರು ಪುಸ್ತಕಗಳನ್ನು ವಿಂಗಡಿಸಿದರು. ಕಾಫಿಯಲ್ಲಿ ತೂಕದ ಬೀಜ ಒಳ್ಳೆಯದು, ಹಗುರಾದದ್ದು ಜೊಳ್ಳು. ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ತೆಗೆದು ಬಿಸಾಡುತ್ತಾರೆ. ಈ ಲೋಕದಲ್ಲಿ ಅವರಿಗೆ ಗೊತ್ತಿದ್ದ ವಿಂಗಡಣೆ ಇದೊಂದೇ. ವಕೀಲರ ಪುಸ್ತಕ ಮೊದಲ ದರ್ಜೆ ಎಂದು ಮೇಲಿಟ್ಟರು. ಸಾಹುಕಾರರ ಧರ್ಮ ಎರಡನೆಯ ದರ್ಜೆ. ಪಂಚಾಂಗ ಮೂರನೆಯದು. ಟೀಚರಮ್ಮನ ತೆಳ್ಳನೆಯ ಕಥೆಪುಸ್ತಕಗಳನ್ನು ಕೈಯಲ್ಲಿ ತೂಗಿ ನೋಡಿ ಜೊಳ್ಳಿನ ರಾಶಿಗೆ ಎಸೆದರು. ಅಲ್ಲಿಂದ ಅವು ಬಚ್ಚಲ ಒಲೆಯ ಪಕ್ಕಕ್ಕೆ ಹೋದವು.

ಅಕ್ಕ ಸ್ನಾನಕ್ಕೆ ನೀರು ಕಾಯಿಸಲು ಹೋದವಳು ಕೂಗಿಕೊಂಡಳು. ಒಂದು ಕಥೆಯ ಮೂಲೆಗೆ ಬೆಂಕಿ ಹತ್ತಿತ್ತು. ಅವಳೇ ಸೆರಗಿನಿಂದ ಬಡಿದು ಆರಿಸಿ, ಎಲ್ಲವನ್ನೂ ಮಡಿಲಲ್ಲಿ ತುಂಬಿಕೊಂಡು ಕಣಕ್ಕೆ ಬಂದಳು.

"ಶಾಮಣ್ಣನೋರೆ, ಇದು ಮಕ್ಕಳ ಪುಸ್ತಕ!"

"ಹಗುರ ಇತ್ತಲ್ಲಮ್ಮ?"

"ಮಕ್ಕಳೂ ಹಗುರವೇ. ಅವರನ್ನೂ ಒಲೆಗೆ ಹಾಕ್ತೀರಾ?"

ಶಾಮಣ್ಣನವರು ಒಂದು ಪುಸ್ತಕವನ್ನು ಕೈಯಲ್ಲಿ ಮತ್ತೊಮ್ಮೆ ತೂಗಿ ನೋಡಿದರು. ಆಮೇಲೆ ಮೂಗಿನಲ್ಲಿ, "ಹಾಕೋದೇನೂ ಬೇಡ. ಆದ್ರೆ ಲೈನಿನ ಮಕ್ಕಳು ಮುಟ್ಟಿದ ಮೇಲೆ ಈ ಪುಸ್ತಕಾನ ಬೇರೆಯೋರು ಯಾರು ಮುಟ್ತಾರೆ, ಹೇಳಿ?" ಎಂದರು.

"ಮೀನು ಮುಟ್ಟಿದ ಪುಸ್ತಕವನ್ನು ನೀವು ಬೆಳಗಿನಿಂದ ಮುಟ್ಟುತ್ತಿದ್ದೀರಿ. ನಾವೇನಾದರೂ ಅಂದೆವಾ?" ಎಂದಳು ಅಕ್ಕ.

ಅಕ್ಕನ ದನಿ ನನಗೆ ಚೆನ್ನಾಗಿ ಬರುತ್ತದೆ. ಆದರೆ ಅವಳ ಎದುರಿಗೆ ತೆಗೆಯುವ ಧೈರ್ಯ ಇಲ್ಲ.

ತಗಡಿನ ಶೆಡ್ಡು

ಪುಸ್ತಕ ಕೊಟ್ಟ ಕೂಡಲೇ ಮಕ್ಕಳು ಮಾಡಿದ ಮೊದಲ ಕೆಲಸ ಮೂಗಿಗೆ ಹಿಡಿದದ್ದು. ಬಿಸಿಲಿಗೆ ನೀರು ಹೋಗಿತ್ತು, ವಾಸನೆ ಹೋಗಿರಲಿಲ್ಲ. ಎಲ್ಲರ ಮುಖವೂ ಅರಳಿತು. ಅವರ ಅಪ್ಪ ಅಮ್ಮಂದಿರೆಲ್ಲ ಘಾಟಿಯ ಕೆಳಗಿನಿಂದ, ನಮ್ಮ ಕಡೆಯಿಂದಲೇ, ಕೊಯ್ಲಿಗೆ ಬಂದ ತುಳು ಜನ. ಪರದೇಶಕ್ಕೆಂದು ಘಾಟಿ ಹತ್ತಿ ಬಂದರೆ ಇಲ್ಲಿರುವವರು ನಮ್ಮವರೇ! "ನಮ್ಮ ಮನೆ ವಾಸನೆ" ಎಂದಳು ಸೀತು ಎಂಬ ಹುಡುಗಿ. ಹತ್ತು ವರ್ಷವಿರಬಹುದು, ಮುಂದಿನ ಹಲ್ಲೊಂದಿಲ್ಲ, ಹೆದರಿಕೆ ಒಂದೂ ಇಲ್ಲ. ತನಿಯ ಎಂಬ ಹುಡುಗ ಮಾತ್ರ ಮೂಸಿ, ನಗದೆ, ಪುಸ್ತಕವನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನು ಮಾತಾಡುವುದಿಲ್ಲ ಎಂದು ಭಾವ ಹೇಳಿದರು. ಮೂಗನಲ್ಲ, ಮಾತಾಡುವುದಿಲ್ಲ, ಅಷ್ಟೆ.

ಮೂಸಿದ್ದಾಯಿತು. ಓದು ಮಾತ್ರ ಏಳಲಿಲ್ಲ. ಅಕ್ಷರ ಎಲ್ಲರಿಗೂ ಗೊತ್ತು. ಆದರೆ ಭಾವ "ಹ್ಞೂಂ" ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ ಜೋಗುಳ ಹಾಡುತ್ತದೆ. ಪುಟ ತಿರುವಿದರೂ ಅದೇ ಜೋಗುಳ, ಪುಸ್ತಕ ಮುಚ್ಚಿದರೂ ಅದೇ. ಒಬ್ಬೊಬ್ಬರನ್ನೇ ಎಬ್ಬಿಸಿದರೆ ದನಿ ಗಂಟಲಲ್ಲೇ ಉಳಿಯುತ್ತದೆ.

"ಗೌಡ್ರ ಎದುರು ನಮ್ಮ ಕೂಗು ಹೊರಡಲ್ಲ ಸಣ್ಣ ಮೇಷ್ಟ್ರೆ" ಎಂದಳು ಸೀತು. ನನಗೆ ಅವರಿಟ್ಟ ಹೆಸರು ಅದು.

"ನಮ್ಮಲ್ಲಿ ಹಾಗಲ್ಲ. ನಮ್ಮ ಊರಿನ ಮಕ್ಕಳು ಕಲೆಕ್ಟರರ ಎದುರಿಗೂ ಓದ್ತಾರೆ" ಎಂದು ಸೊಂಟಕ್ಕೆ ಕೈಯಿಟ್ಟು, ಬೆರಳಾಡಿಸಿ ಹೇಳಿದೆ. ಸುಳ್ಳು. ನಮ್ಮ ಊರಿನ ಮಕ್ಕಳು ಕಲೆಕ್ಟರರ ಎದುರಿಗೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾರೆ. ಆ ಮಕ್ಕಳಲ್ಲಿ ನಾನೂ ಒಬ್ಬ.

ಬೇಸರಕ್ಕೆ ಒಂದು ಕಥೆ ತೆಗೆದು ನಾನೇ ಓದಿದೆ. ಕಾಡಿನ ಕೆರೆ ಬತ್ತಿದೆ. ಹುಲಿರಾಯ ಸಭೆ ಕರೆದಿದ್ದಾನೆ. ನರಿ ಮಂತ್ರಿ, ಕರಡಿ ಗುರು. ಬೇರೆ ಸೀಮೆಯಿಂದ ಹಾರಿಬಂದ ಕೊಕ್ಕರೆಯೊಂದು ನಡುವೆ ಬಾಯಿ ಹಾಕಿ ಎಲ್ಲರಿಗೂ ಬುದ್ಧಿ ಹೇಳುತ್ತದೆ. ಇವರೆಲ್ಲ ಮಾತಾಡುತ್ತಿರುವಾಗ ಆಮೆ ಸುಮ್ಮನೆ ಕೆಸರು ತೆಗೆದು ನೀರು ತರುತ್ತದೆ. ಹುಲಿಯ ಮಾತು ಬಂದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಹಿಂದಿನ ದಿನ ಕಣದಲ್ಲಿ ಗೌಡ್ರು ಶಾಮಣ್ಣನವರನ್ನು ಬೈಯುವುದನ್ನು ಕೇಳಿದ್ದೆ. ಅದೇ ದನಿ ಹಾಕಿದೆ: "ನಾನ್ ಹೇಳೋದು ಇಷ್ಟೆ. ಹ್ಞಾಂ? ಕೆರೆ ಬತ್ತಿದೆ. ಹ್ಞಾಂ? ಯಾಕ್ ಬತ್ತಿದೆ? ಗೊತ್ತಾಯ್ತ? ಹ್ಞಾಂ."

ಮಕ್ಕಳು ಮೊದಲು ಬಾಗಿಲ ಕಡೆಗೆ ತಿರುಗಿ ನೋಡಿದರು. ಆಮೇಲೆ ತಗಡು ಹಾರಿಹೋಗುವ ಹಾಗೆ ನಕ್ಕರು.

ನಗದೆ ಕುಳಿತವಳು ಸೀತು. "ತಪ್ಪು ಸಣ್ಣ ಮೇಷ್ಟ್ರೆ. ಅದು ಗೌಡ್ರು ಊಟಕ್ಕೆ ಮುಂಚೆ. ಸಭೆ ಕರೆಯೋದು ಊಟ ಆದ್ಮೇಲೆ. ಆವಾಗ ಹ್ಞಾಂ ಇಷ್ಟುದ್ದ ಇರ್ತದೆ, ತೇಗು ಸೇರಿ" ಎಂದು ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಅವಳ ದನಿಯಲ್ಲಿ ಗೌಡ್ರು ಊಟ ಮುಗಿಸಿ, ಕೈತೊಳೆದು, ಜಗಲಿಗೆ ಬಂದು ನಿಂತರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

ಈ ಮಕ್ಕಳ ಮುಂದೆ ನನ್ನ ವಿದ್ಯೆ ಎಲ್ಲಿಯದು! ದೂರದಿಂದಲೇ ದನಿ ಕೇಳಿ ಇವತ್ತು ಬೈಗುಳವೋ ಬೆತ್ತವೋ ಎಂದು ತಿಳಿಯುವುದು ಲೈನಿನ ಮಕ್ಕಳ ಮೊದಲನೆಯ ಓದು. ಅದನ್ನು ಅವರು ನಡೆಯುವ ಮೊದಲೇ ಕಲಿತಿರುತ್ತಾರೆ. ಪುಸ್ತಕದ ಓದಿಗೆ ಅದನ್ನು ಗಂಟುಹಾಕುವುದೊಂದೇ ಬಾಕಿ ಇತ್ತು. ಅಂದಿನಿಂದ ಪುಸ್ತಕ ತೆರೆದರೆ ಮೊದಲ ಪ್ರಶ್ನೆ, "ಯಾರ ದನೀಲಿ?" ತನ್ನ ದನಿಯಲ್ಲಿ ಓದಲು ಹೆದರುವವರು ಇನ್ನೊಬ್ಬರ ದನಿಯಲ್ಲಿ ಪುಟಗಟ್ಟಲೆ ಓದಿದರು. ಸಿಕ್ಕಿದ್ದನ್ನೆಲ್ಲ ಓದಿದರು. ಬೀಜದ ಕ್ಯಾಟಲಾಗಿನ ಬದನೆ, ಸೌತೆಗಳನ್ನೂ ಬಿಡಲಿಲ್ಲ. ಮೇಕೆ ತಿಂದ ಪಾಠ ಅಲ್ಲಿಂದ ಅರ್ಧ ತುಂಬಿತು.

ಸೋಮವಾರಕ್ಕೆ ಕೆರೆಯ ಕಥೆ ಎಂದಾಯಿತು. ಹುಲಿ ಸೀತು. ಅವಳಿಗೆ ಗೌಡ್ರ ದನಿ ಬೇಡ, ಸುಮ್ಮನೆ ದಪ್ಪ ದನಿ ಸಾಕು ಎಂದು ನೂರು ಸಲ ಹೇಳಿದೆ. ಬಾಬು ಎಂಬವನಿಗೆ ನರಿ. ಅವನಿಗೂ ಶಾಮಣ್ಣನವರ ಮೂಗು ಬೇಡವೆಂದು ಆಣೆ ಹಾಕಿಸಿದೆ. ಕೊಕ್ಕರೆಗೆ ತಕ್ಕ ದನಿ ನನಗೆ ಹೊಳೆಯಲೇ ಇಲ್ಲ. ಎಲ್ಲದರಲ್ಲೂ ಬಾಯಿ ಹಾಕುವ, ತನ್ನ ಊರನ್ನೇ ಹೊಗಳುವ ಅಂಥ ಪ್ರಾಣಿ ಈ ಸೀಮೆಯಲ್ಲಿ ಕಾಣಲಿಲ್ಲ. ಭಾವ ಅದನ್ನು ತನಿಯನಿಗೆ ಕೊಟ್ಟರು.

"ಅವನು ಮಾತಾಡುವುದಿಲ್ಲವಲ್ಲ ಭಾವ?"

"ಎರಡೇ ಮಾತು ಇರೋದು. ಬಿಟ್ರೆ ಬಿಟ್ಟ" ಎಂದು ಕೆಮ್ಮಿದರು.

ಗೌಡ್ರು ಬಂದರು

ಗೌಡ್ರು ಒಬ್ಬರೇ ಬರಲಿಲ್ಲ. ಮಗಳನ್ನು ಕೊಟ್ಟ ಮನೆಯ ಯಜಮಾನರು, ಮಲ್ಲಂದೂರಿನ ಬೀಗರು, ಕುಶಾಲಿಗೆ ಬಂದಿದ್ದವರು ಜೊತೆಯಲ್ಲಿ ಬಂದರು. ಅವರದೂ ಎಸ್ಟೇಟು, ಅವರದೂ ಮೀಸೆ, ಅವರದೂ ಹ್ಞಾಂ. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮರ್ಯಾದೆ ತೋರಿಸುತ್ತಿದ್ದರೆಂದರೆ ಬಾಗಿಲಲ್ಲಿ "ನೀವು ಮುಂದೆ", "ಛೇ, ನೀವು ಮುಂದೆ" ಎಂದು ಹೇಳಿಕೊಳ್ಳುತ್ತ ಕೊನೆಗೆ ಇಬ್ಬರೂ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಂಡರು. ಶಾಮಣ್ಣನವರು ಹಿಂದಿನಿಂದ ಮೆಲ್ಲಗೆ ಒತ್ತಿ ಒಳಗೆ ಮಾಡಿದರು. ಹೊರಗೆ ಗಾಡಿಯಲ್ಲಿ ಕಾಫಿ ಚೀಲಗಳು ಆಗಲೇ ಬಂದು ನಿಂತಿದ್ದವು. ಗೌಡ್ರಿಗೆ ನಮ್ಮ ಓದಿನ ಮೇಲೆ ಅಷ್ಟು ನಂಬಿಕೆ.

"ನಾನ್ ಹೇಳೋದು ಇಷ್ಟೆ ಮೇಷ್ಟ್ರೆ. ಹ್ಞಾಂ? ಓದ್ಸಿ" ಎಂದರು.

ಸೀತು ಎದ್ದಳು. ಪುಸ್ತಕ ಬಿಡಿಸಿದಳು. ಬಾಯಿ ತೆರೆದಳು, ಏನೂ ಬರಲಿಲ್ಲ. ಮತ್ತೆ ತೆರೆದಳು. ಕೂಗು ಹೊರಡಲ್ಲ ಎಂದದ್ದು ನಿಜವಾಗಿತ್ತು. ಗಾಡಿಯ ಎತ್ತು ಹೊರಗೆ ಕೊರಳ ಗಂಟೆ ಅಲ್ಲಾಡಿಸಿತು. ಶಾಮಣ್ಣನವರು ಚೀಲ ಇಳಿಸುವವರ ಕಡೆಗೆ ಕೈ ಎತ್ತಿದರು. ಸೀತು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ನಾನ್ ಹೇಳೋದು ಇಷ್ಟೆ" ಎಂದಿತು ಹುಲಿ. "ಹ್ಞಾಂ? ಕಾಡಿಗೆ ನಾನು ರಾಜ. ಗೊತ್ತಾಯ್ತ? ಕೆರೆ ಬತ್ತಿದ್ದು ಯಾರನ್ನ ಕೇಳಿ? ಹ್ಞಾಂ…" ಕೊನೆಯ ಹ್ಞಾಂ ತೇಗಿನೊಂದಿಗೆ ತಗಡಿಗೆ ಬಡಿದು ಹಿಂದೆ ಬಂತು.

ಭಾವನ ಕೆಮ್ಮು ನಿಂತುಹೋಯಿತು. ಅದು ಹೀಗೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಮಂಗಳೂರಿಗೆ ನಡೆದೇ ಹೋದರೆ ಯಾವಾಗ ತಲುಪಬಹುದು ಎಂದು ನಾನು ಯೋಚಿಸುತ್ತಿದ್ದೆ.

ಗೌಡ್ರ ಮೀಸೆ ಅದುರಿತು. ಮುಖ ಕೆಂಪಾಯಿತು. ಹೊಟ್ಟೆ ಕುಲುಕಿತು. ಬೀಗರ ತೊಡೆಗೆ ಒಂದು ಏಟು ಕೊಟ್ಟು, "ಬೀಗ್ರೆ! ಥೇಟ್ ನೀವೇ!" ಎಂದು ನಗತೊಡಗಿದರು. "ಮಲ್ಲಂದೂರಿಗೆ ಹೋಗದ ಹುಡ್ಗಿ ನಿಮ್ಮನ್ನ ಎಲ್ಲಿ ಹಿಡಿದ್ಲು ಮಾರಾಯ್ರೆ!"

ಬೀಗರು ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರು ನಗುತ್ತಿದ್ದುದು ಗೌಡ್ರನ್ನು ನೋಡಿ. "ಹೌದು ಬೀಗ್ರೆ, ಹೌದು. ಬೇರೆ ಯಾರು ಇರೋಕೆ ಸಾಧ್ಯ!" ಎಂದು ಮತ್ತೆ ಒರೆಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಬೆಂಚಿನ ಮೇಲೆ ವಾಲಿದರು. ಆ ಬೆಂಚು ಅಷ್ಟು ಮರ್ಯಾದೆಯನ್ನು ಎಂದೂ ಹೊತ್ತಿರಲಿಲ್ಲ.

ಹುಲಿ ಕಟ್ಟಳೆ ಮುರಿದ ಮೇಲೆ ನರಿ ಸುಮ್ಮನಿರುತ್ತದೆಯೇ? ಬಾಬು ಎದ್ದು ಮೂಗಿನಲ್ಲಿ, "ಆಗ್ಲಿ ಮಹಾರಾಜರೆ, ಆಗೇ ಹೋಯ್ತು ಮಹಾರಾಜರೆ" ಎಂದ. ಶಾಮಣ್ಣನವರು ನನ್ನ ಕಿವಿಯ ಬಳಿ ಬಗ್ಗಿ, "ಇದು ನಮ್ಮ ತಾಲೂಕು ಕಚೇರಿ ಗುಮಾಸ್ತರಲ್ವ? ಎಷ್ಟು ಚಂದ ಹಿಡಿದಿದ್ದಾನೆ!" ಎಂದರು ಅದೇ ಮೂಗಿನಲ್ಲಿ. ನಾನು ಕೆಮ್ಮಿದೆ, ಈ ಸಲ ಆ ಕೆಲಸ ನನಗೆ ಬಂತು.

ಆಗ ತನಿಯ ಎದ್ದ. ಯಾರೂ ಅವನ ಹೆಸರು ಕರೆಯಲಿಲ್ಲ. ಕುತ್ತಿಗೆ ಉದ್ದ ಮಾಡಿ, ಒಂದು ಕೈ ಸೊಂಟಕ್ಕೆ ಇಟ್ಟು, ಇನ್ನೊಂದು ಕೈಯ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ಅವಸರದ ತೆಳ್ಳನೆಯ ದನಿಯಲ್ಲಿ ಓದಿದ: "ನಮ್ಮಲ್ಲಿ ಹಾಗಲ್ಲ ಮಾರಾಯ್ರೆ. ನಮ್ಮ ಕೆರೆ ಎಂದೂ ಬತ್ತುವುದಿಲ್ಲ. ನಮ್ಮಲ್ಲಿ ಕಪ್ಪೆಗಳೂ ಕೇಳಿಕೊಂಡೇ ಕೂಗ್ತಾವೆ."

ಶೆಡ್ಡೇ ಎದ್ದು ಕುಣಿಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭಾವ, ನಮ್ಮ ಭಾವ, ಕೆಮ್ಮದೆ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದು ಮಾತೂ ಆಡದ ಹುಡುಗ ಎಂಥ ದನಿ ತೆಗೆದ! ಯಾರದು ಎಂದು ಭಾವನನ್ನು ಕೇಳಿದೆ.

"ಯಾರೋ… ಘಾಟಿ ಕೆಳಗಿನೋರು ಇರ್ಬೇಕು" ಎಂದರು.

ಹೊಳೆಯಿತು. ಡ್ರೈವರು ಅಬ್ಬಾಸ್! ವಾರಕ್ಕೆರಡು ಸಲ ಕೊಟ್ಟಿಗೆಹಾರಕ್ಕೆ ಬರುವವನು, ಅದೇ ಮಾರಾಯ್ರೆ, ಅದೇ ಅವಸರ. ಹುಡುಗ ಸಂತೆಯಲ್ಲಿ ಕೇಳಿಸಿಕೊಂಡಿರಬೇಕು.

ನಗು ನಿಂತ ಮೇಲೆ ಗೌಡ್ರಿಗೆ ಯಜಮಾನಿಕೆ ನೆನಪಾಯಿತು. "ಬಾಯಿಪಾಠ ಇದ್ರೂ ಇರ್ಬ್ಹುದು. ಹ್ಞಾಂ? ಬೀಗ್ರೆ, ನೀವೇ ಒಂದು ಪುಸ್ತಕ ತೆಗೀರಿ." ಬೀಗರು ಕೈಗೆ ಸಿಕ್ಕಿದ ಬೀಜದ ಕ್ಯಾಟಲಾಗನ್ನು ತೆಗೆದು ನಡುವಿನ ಪುಟ ಬಿಡಿಸಿ ಸೀತುವಿಗೆ ಕೊಟ್ಟರು. ಅವಳು ಒಮ್ಮೆ ಗೌಡ್ರನ್ನು ನೋಡಿ, ಒಮ್ಮೆ ಪುಟ ನೋಡಿ, ಅದೇ ಊಟವಾದ ಮೇಲಿನ ದನಿಯಲ್ಲಿ ಓದಿದಳು: "ದೊಡ್ಡ ಜಾತಿ ಮೂಲಂಗಿ. ಹ್ಞಾಂ? ನೋಡಲು ಭಾರಿ. ತಲೆ ಮೇಲೆ, ಮೈ ಮಣ್ಣಲ್ಲಿ. ಬೇಗ ಕೀಳದಿದ್ದರೆ ಒಳಗೆ ಟೊಳ್ಳು. ಗೊತ್ತಾಯ್ತ?"

ಹ್ಞಾಂ ಮತ್ತು ಗೊತ್ತಾಯ್ತ ಬಿಟ್ಟು ಉಳಿದದ್ದೆಲ್ಲ ಪುಸ್ತಕದಲ್ಲೇ ಇತ್ತು. ಬೀಗರು ಈ ಸಲ ನಗಲಿಲ್ಲ, ಅತ್ತರು. ಗೌಡ್ರು ಅವರ ಬೆನ್ನು ಸವರಿ, "ಬೇಜಾರ್ ಮಾಡ್ಕೋಬೇಡಿ ಬೀಗ್ರೆ, ಮಕ್ಕಳು" ಎಂದು ಸಮಾಧಾನ ಹೇಳಿದರು. ಆಮೇಲೆ ಎದ್ದು, "ಶಾಮಣ್ಣ, ಚೀಲ ಹಳೇ ಕೊಟ್ಟಿಗೆಗೆ ಹಾಕ್ಸು. ಇಲ್ಲಿಗೊಂದು ಕಪಾಟು ಮಾಡಿಸ್ಕೊಡು. ಮುಂದಿನ ಸಲ ಬೀಗ್ರು ಬಂದಾಗ ಮತ್ತೆ ಓದ್ಸಬೇಕು ಮೇಷ್ಟ್ರೆ. ಇದೇ ದನಿ ಇರ್ಬೇಕು. ಹ್ಞಾಂ?" ಎಂದರು.

"ಆಗ್ಲಿ ಗೌಡ್ರೆ, ಆಗೇ ಹೋಯ್ತು ಗೌಡ್ರೆ" ಎಂದರು ಶಾಮಣ್ಣನವರು. ಇಡೀ ತರಗತಿ ಬಾಬುವಿನ ಕಡೆಗೆ ತಿರುಗಿತು.

ಇಳಿಜಾರು

ಕಪಾಟು ಬಂತು. ಮೇಲಿನ ಅರೆಯಲ್ಲಿ ಶಾಮಣ್ಣನವರ ಮೊದಲ ದರ್ಜೆಯ ಕಾನೂನು, ಯಾರ ಕೈಗೂ ಎಟುಕದ ಹಾಗೆ. ಕೆಳಗಿನ ಅರೆಯಲ್ಲಿ ಜೊಳ್ಳು. ಅಲ್ಲಿ ಯಾವತ್ತು ನೋಡಿದರೂ ಖಾಲಿ. ಪುಸ್ತಕಗಳೆಲ್ಲ ಲೈನಿಗೆ ಹೋಗಿರುತ್ತಿದ್ದವು. ಸಂಜೆ ಆ ಸಾಲು ಕೋಣೆಗಳ ಮುಂದೆ ಹಾದರೆ ಒಂದು ಬಾಗಿಲಲ್ಲಿ ಗೌಡ್ರು, ಇನ್ನೊಂದರಲ್ಲಿ ಭಾವ, ಮತ್ತೊಂದರಲ್ಲಿ ನಮ್ಮ ಅಕ್ಕ. ಒಲೆಯ ಮುಂದೆ ಕುಳಿತ ದೊಡ್ಡವರು ಹಗಲೆಲ್ಲ ತಾವು ಹೆದರಿದ ದನಿಗಳನ್ನೇ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು.

ಹೊರಡುವ ದಿನ ಮಕ್ಕಳು ರಸ್ತೆಯವರೆಗೆ ಬಂದರು. ತನಿಯ ನನ್ನ ಪಕ್ಕದಲ್ಲೇ ನಡೆದ. ಮಾತಿಲ್ಲ. ಒಂದು ಕೈ ಸೊಂಟಕ್ಕೆ ಇಟ್ಟುಕೊಂಡಿದ್ದ.

ಕೊಟ್ಟಿಗೆಹಾರದಲ್ಲಿ ಅದೇ ಬಸ್ಸು, ಅದೇ ಅಬ್ಬಾಸ್. ಇಳಿಜಾರಾದ್ದರಿಂದ ಬಸ್ಸು ಗಂಭೀರವಾಗಿ ಓಡುತ್ತಿತ್ತು, ಹತ್ತುವಾಗ ಆದದ್ದು ಯಾವುದೂ ತನಗೆ ಗೊತ್ತಿಲ್ಲ ಎನ್ನುವ ಹಾಗೆ. ನಾನು ಅಬ್ಬಾಸನ ಹಿಂದಿನ ಸೀಟಿನಲ್ಲಿ ಕುಳಿತು ಬೆನ್ನು ತಟ್ಟಿದೆ.

"ಅಬ್ಬಾಸ್ ಕಾಕ, ನಿಮ್ಮ ಹೆಸರು ಸಂಸ್ಥಾನದಲ್ಲೆಲ್ಲ ಹಬ್ಬಿತು. ಜಾವಳಿಯ ಒಬ್ಬ ಹುಡುಗ ನಿಮ್ಮ ದನಿಯನ್ನು ಹಾಗೇ ಹಿಡಿದಿದ್ದಾನೆ. ಕೇಳಿ."

ತನಿಯನ ಕೊಕ್ಕರೆಯನ್ನು ತೆಗೆದೆ. ಕುತ್ತಿಗೆ, ಸೊಂಟದ ಕೈ, ಬೆರಳು, ಎಲ್ಲ. "ನಮ್ಮಲ್ಲಿ ಹಾಗಲ್ಲ ಮಾರಾಯ್ರೆ. ನಮ್ಮ ಕೆರೆ ಎಂದೂ ಬತ್ತುವುದಿಲ್ಲ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಅಬ್ಬಾಸ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಅದು ನನ್ನ ದನಿಯಾ?"

"ಮತ್ತೆ ಯಾರದು?"

"ಇನ್ನೊಮ್ಮೆ ಹೇಳಿ ನೋಡುವ."

ಇನ್ನೊಮ್ಮೆ ಹೇಳಿದೆ. ಯಾವ ದನಿಯನ್ನು ಹಿಡಿಯಬೇಕಾದರೂ ನನಗೆ ಒಂದಿಷ್ಟು ಶ್ರಮವಿದೆ. ಗಂಟಲನ್ನು ಎಲ್ಲೋ ಬಿಗಿ ಹಿಡಿಯಬೇಕು, ನಾಲಿಗೆಯನ್ನು ಎಲ್ಲೋ ಮಡಚಬೇಕು, ಉಸಿರನ್ನು ಅವರ ಅಳತೆಗೆ ಕತ್ತರಿಸಬೇಕು. ಈ ದನಿಗೆ ಮಾತ್ರ ಏನೂ ಮಾಡಬೇಕಾಗಲಿಲ್ಲ. ಬಾಯಿ ತೆರೆದೆ, ಬಂತು.

ಅಬ್ಬಾಸ್ ಕನ್ನಡಿಯನ್ನು ನನ್ನ ಮುಖ ನನಗೇ ಕಾಣುವ ಹಾಗೆ ತಿರುಗಿಸಿದ. ಮುಂದಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಎಂಜಿನಿಗೆ ನೀರು ಹಾಕಲು ಇಳಿದ. ಬ್ರೇಕು ಬಿಟ್ಟರೆ ಇಳಿಜಾರಿನಲ್ಲಿ ತಾನಾಗಿ ಹೋಗುವ ಬಸ್ಸನ್ನು ತಳ್ಳುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ನಾನು ಇಳಿದು ಹಿಂದೆ ಹೋಗಿ, ಬಾಯಿ ಮುಚ್ಚಿಕೊಂಡು, ಸ್ವಲ್ಪ ದೂರ ತಳ್ಳಿದೆ.